ದುಡ್ಡು ಗೆಲ್ಲಿಸುತ್ತದೋ, ಆಡಳಿತ ಗೆಲ್ಲಿಸುತ್ತದೋ?



ಒಂದು ಶನಿವಾರ ರಾತ್ರಿ ನಮ್ಮ ಮನೆಯ ಊಟದ ಮೇಜಿನಲ್ಲಿ ಜೋರು ವಾದ ನಡೆಯಿತು. ನನ್ನ ಮಗ ಮತ್ತು ಅವನ ಗೆಳೆಯ, ಇಬ್ಬರೂ ಹದಿನೇಳರ ಹುಡುಗರು. "ಎಲ್ಲಾ ದುಡ್ಡು ಆಂಟಿ. ದುಡ್ಡಿರೋ ಕ್ಲಬ್ ಗೆಲ್ಲುತ್ತೆ, ಅಷ್ಟೇ" ಅಂದ ಗೆಳೆಯ. "ಹಾಗಾದ್ರೆ ಲೆಸ್ಟರ್?" ಅಂದ ನನ್ನ ಮಗ. ಸಾರು ಆರಿತು, ವಾದ ಆರಲಿಲ್ಲ. ಕೊನೆಗೆ ಆ ಗೆಳೆಯ ತಟ್ಟೆ ನೋಡುತ್ತಾ ಇನ್ನೊಂದು ಮಾತು ಸೇರಿಸಿದ: "ಓದೋದ್ರಲ್ಲೂ ಅಷ್ಟೇ ಅಲ್ವಾ? ದುಡ್ಡಿರೋರ ಮಕ್ಕಳೇ ಮುಂದೆ ಹೋಗೋದು." ಅವನು ಕೇಳುತ್ತಿದ್ದದ್ದು ಬರೀ ಫುಟ್‌ಬಾಲಿನ ವಿಷಯ ಅಲ್ಲ ಅಂತ ಆಗ ನನಗೆ ಗೊತ್ತಾಯಿತು. ಅವನಿಗೆ ಅವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ನಿಮ್ಮೆದುರು ಪ್ರಯತ್ನ ಮಾಡುತ್ತೇನೆ.

ಮೊದಲು ಆ ಹುಡುಗನ ಪಕ್ಷವನ್ನೇ ವಹಿಸೋಣ. 2005ರಿಂದ 2025ರವರೆಗೆ ಪ್ರೀಮಿಯರ್ ಲೀಗಿನ 21 ಸೀಸನ್ ಮುಗಿದವು. ಪ್ರಶಸ್ತಿ ಗೆದ್ದದ್ದು ಬರೀ ಐದು ಕ್ಲಬ್‌ಗಳು: ಚೆಲ್ಸಿ, ಮ್ಯಾಂಚೆಸ್ಟರ್ ಯುನೈಟೆಡ್, ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್, ಲೆಸ್ಟರ್. ಇದರಲ್ಲಿ ನಾಲ್ಕು ಭಾರೀ ಶ್ರೀಮಂತ ಕ್ಲಬ್‌ಗಳು. 21ರಲ್ಲಿ 20 ಸಲ ಕಪ್ಪು ಅವರಲ್ಲೇ ಉಳಿಯಿತು. ಇದನ್ನು ಕಾಕತಾಳೀಯ ಅನ್ನಲಾಗದು.

ಆದರೆ ಯಾವ ದುಡ್ಡು ಅಂತಲೂ ಕೇಳಬೇಕು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ಟ್ರಾನ್ಸ್‌ಫರ್ ಮೊತ್ತ. ಲೀಗ್ ಪಟ್ಟಿಯಲ್ಲಿ ಕ್ಲಬ್ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಅದಕ್ಕಿಂತ ಹತ್ತಿರದ ಸಂಬಂಧ ಇರುವುದು ಸಂಬಳದ ಒಟ್ಟು ಮೊತ್ತಕ್ಕೆ ಎಂದು ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ಮತ್ತು ಪತ್ರಕರ್ತ ಸೈಮನ್ ಕೂಪರ್ 'ಸಾಕರ್‌ನಾಮಿಕ್ಸ್' ಪುಸ್ತಕದಲ್ಲಿ ತೋರಿಸಿದ್ದಾರೆ. ಚೆನ್ನಾಗಿ ಆಡುವವರಿಗೆ ಚೆನ್ನಾಗಿ ಸಂಬಳ ಕೊಟ್ಟು ಉಳಿಸಿಕೊಂಡವರು ಮೇಲಿರುತ್ತಾರೆ. ಒಂದೇ ವರ್ಷ ಅಂಗಡಿಗೆ ನುಗ್ಗಿ ಕಂಡದ್ದನ್ನೆಲ್ಲ ಕೊಂಡವರು ಮೇಲಿರುತ್ತಾರೆ ಅನ್ನುವ ಭರವಸೆ ಇಲ್ಲ.

ಈಗ ನನ್ನ ಮಗನ ಪಕ್ಷ. 2015ರಲ್ಲಿ ಲೆಸ್ಟರ್ ಸಿಟಿ ಕೆಳಗಿನ ಲೀಗಿಗೆ ಬೀಳುವುದನ್ನು ಹೇಗೋ ತಪ್ಪಿಸಿಕೊಂಡಿತ್ತು. ಮರುವರ್ಷ ಅದು ಗೆಲ್ಲುತ್ತದೆ ಅಂತ ಒಂದು ಪೌಂಡ್ ಬಾಜಿ ಕಟ್ಟಿದವರಿಗೆ ಐದು ಸಾವಿರ ಪೌಂಡ್ ಕೊಡುತ್ತೇವೆ ಎಂದು ಬುಕ್ಕಿಗಳು ಬೋರ್ಡು ಹಾಕಿದ್ದರು. ಗೆದ್ದೇಬಿಟ್ಟಿತು. ಅದೂ 81 ಅಂಕ, ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಹೆಚ್ಚು. ಆ ವರ್ಷ ಅವರು ಸಂಬಳಕ್ಕೆ ಖರ್ಚು ಮಾಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಮಾಡಿದ್ದರ ಸುಮಾರು ಮೂರನೇ ಒಂದು ಭಾಗ.

ಇದಕ್ಕೆ ಕಾರಣ ಆಯ್ಕೆ. ಜೇಮಿ ವಾರ್ಡಿ ಒಂದು ಕಾಲದಲ್ಲಿ ಕಾರ್ಖಾನೆಯಲ್ಲಿ ದುಡಿಯುತ್ತಾ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದವನು. 2012ರಲ್ಲಿ ಲೆಸ್ಟರ್ ಅವನನ್ನು ಫ್ಲೀಟ್‌ವುಡ್ ಟೌನ್‌ನಿಂದ ಕರೆತಂದಿತು. ರಿಯಾದ್ ಮಹ್ರೆಜ್ ಫ್ರಾನ್ಸಿನ ಎರಡನೇ ದರ್ಜೆಯ ಲೀಗಿನಲ್ಲಿದ್ದ. ಐದು ಲಕ್ಷ ಪೌಂಡಿಗೂ ಕಡಿಮೆಗೆ ಬಂದ. ಎನ್‌ಗೊಲೊ ಕಾಂಟೆಯನ್ನು 2015ರಲ್ಲಿ ಕಾನ್ ಕ್ಲಬ್ಬಿನಿಂದ ತಂದರು. ಬೇರೆಯವರು ಕಣ್ಣೆತ್ತಿ ನೋಡದ ಕಡೆ ಇವರು ಹುಡುಕಿದರು. ತರಬೇತುದಾರ ಕ್ಲಾಡಿಯೊ ರಾನಿಯೇರಿ ಆ ಸೀಸನ್ನಿನಲ್ಲಿ ಆಡುವ ಹನ್ನೊಂದು ಮಂದಿಯನ್ನು ಹೆಚ್ಚೇನೂ ಬದಲಿಸಲಿಲ್ಲ. ಅದೃಷ್ಟವೂ ಇತ್ತು ಅನ್ನಿ. ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ ಆ ಸಲ ಹತ್ತನೇ ಸ್ಥಾನಕ್ಕೆ ಜಾರಿತ್ತು.

ಆಮೇಲೇನಾಯಿತು? ಕಾಂಟೆಯನ್ನು ಚೆಲ್ಸಿ ಕೊಂಡುಕೊಂಡಿತು, ಮರುವರ್ಷವೇ ಲೀಗ್ ಗೆದ್ದಿತು. 2017ರ ಫೆಬ್ರವರಿಯಲ್ಲಿ ರಾನಿಯೇರಿಯನ್ನು ಲೆಸ್ಟರ್ ಮನೆಗೆ ಕಳುಹಿಸಿತು. ಚಿಕ್ಕವರು ಜಾಣತನದಿಂದ ಬೆಳೆಸಿದ್ದನ್ನು ದೊಡ್ಡವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಆ ಹುಡುಗ ಹೇಳಿದ್ದು ಇಲ್ಲಿ ಸತ್ಯ.

ಆದರೆ ಒಯ್ದವರಿಗೆಲ್ಲ ಅದು ದಕ್ಕುತ್ತದೆಯೇ? ಪಾಲ್ ಪೋಗ್ಬಾನನ್ನು ಮ್ಯಾಂಚೆಸ್ಟರ್ ಯುನೈಟೆಡ್ 2012ರಲ್ಲಿ ಹೆಚ್ಚುಕಡಿಮೆ ಬಿಟ್ಟಿಯಾಗಿ ಕಳೆದುಕೊಂಡಿತು. 2016ರಲ್ಲಿ 89 ಮಿಲಿಯನ್ ಪೌಂಡ್ ಕೊಟ್ಟು ಅವನನ್ನೇ ವಾಪಸ್ ತಂದಿತು. 2022ರಲ್ಲಿ ಮತ್ತೆ ಬಿಟ್ಟಿಯಾಗಿ ಬಿಟ್ಟುಕೊಟ್ಟಿತು. ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಅಲೆಕ್ಸ್ ಫರ್ಗ್ಯೂಸನ್ 13 ಲೀಗ್ ಪ್ರಶಸ್ತಿ ಗೆದ್ದು 2013ರಲ್ಲಿ ನಿವೃತ್ತರಾದರು. ಆಮೇಲೆ ಆಟಗಾರರಿಗಾಗಿ ನೂರು ಕೋಟಿ ಪೌಂಡಿಗೂ ಹೆಚ್ಚು ಸುರಿದ ಆ ಕ್ಲಬ್, 2025ರಲ್ಲಿ ಹದಿನೈದನೇ ಸ್ಥಾನದಲ್ಲಿ ಸೀಸನ್ ಮುಗಿಸಿತು.

ಪ್ಯಾರಿಸ್‌ನ ಪಿಎಸ್‌ಜಿ ಕಥೆ ಇನ್ನೂ ಸ್ವಾರಸ್ಯ. ಮೆಸ್ಸಿ, ನೇಮಾರ್, ಎಂಬಾಪ್ಪೆ ಮೂವರೂ ಒಟ್ಟಿಗಿದ್ದ ಎರಡೂ ಸೀಸನ್‌ಗಳಲ್ಲಿ ಅದು ಚಾಂಪಿಯನ್ಸ್ ಲೀಗಿನ ಕೊನೆಯ ಹದಿನಾರರ ಹಂತದಲ್ಲೇ ಹೊರಬಿತ್ತು. ಮೂವರೂ ಹೋದ ಮೇಲೆ, 2025ರ ಮೇ 31ರಂದು, ಲೂಯಿಸ್ ಎನ್ರಿಕೆ ಕಟ್ಟಿದ ತಂಡ ಫೈನಲ್‌ನಲ್ಲಿ ಇಂಟರ್ ಮಿಲಾನನ್ನು 5-0ರಿಂದ ಸೋಲಿಸಿತು. ಪಿಎಸ್‌ಜಿ ಆಗಲೂ ಬಡ ಕ್ಲಬ್ ಏನಲ್ಲ. ದುಡ್ಡು ಅದೇ ಇತ್ತು, ಅದನ್ನು ಬಳಸುವ ರೀತಿ ಬದಲಾಗಿತ್ತು.

ಇದಾದ ಮೂರೇ ದಿನಕ್ಕೆ ನಿಮ್ಮಲ್ಲಿ ಅನೇಕರು ಟಿವಿ ಮುಂದೆ ಕುಣಿದಿದ್ದೀರಿ. ಹೌದು, ಜೂನ್ 3, ಆರ್‌ಸಿಬಿ! ಕೊಹ್ಲಿ, ಗೇಲ್, ಡಿವಿಲಿಯರ್ಸ್ ಒಟ್ಟಿಗೆ ಆಡಿದಾಗ ಬಾರದ ಕಪ್ಪು ಹದಿನೆಂಟನೇ ಸೀಸನ್ನಿನಲ್ಲಿ ಬಂತು. ಆದರೆ ಐಪಿಎಲ್‌ನಲ್ಲಿ ಹರಾಜಿಗೆ ಎಲ್ಲ ತಂಡಕ್ಕೂ ಒಂದೇ ಮಿತಿ. ಅಲ್ಲಿ ಆಯ್ಕೆಯ ಜಾಣತನವೇ ಮುಖ್ಯ. ಯುರೋಪಿನ ಫುಟ್‌ಬಾಲಿನಲ್ಲಿ ಆ ಸಮಾನತೆ ಇಲ್ಲ. ಎರಡನ್ನೂ ನೋಡುವ ನಿಮಗೆ ಈ ವ್ಯತ್ಯಾಸ ಗೊತ್ತಿರಬೇಕು.

ನಮ್ಮಲ್ಲಿ "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುತ್ತಾರೆ. ಲೀಡ್ಸ್ ಯುನೈಟೆಡ್ ಮುಂದೆ ಬರಲಿರುವ ಟಿಕೆಟ್ ಆದಾಯವನ್ನು ಅಡವಿಟ್ಟು 60 ಮಿಲಿಯನ್ ಪೌಂಡ್ ಸಾಲ ಮಾಡಿತು. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. ಮುಂದಿನ ಎರಡು ವರ್ಷ ಆ ಟೂರ್ನಿಗೆ ಅರ್ಹತೆ ಸಿಗಲಿಲ್ಲ, ಸಾಲ ಮಾತ್ರ ಉಳಿಯಿತು, ಆಟಗಾರರನ್ನು ಮಾರಬೇಕಾಯಿತು. 2004ರಲ್ಲಿ ಕೆಳಕ್ಕೆ ಬಿದ್ದದ್ದು, ಮರಳಿ ಮೇಲೆ ಬರಲು ಹದಿನಾರು ವರ್ಷ ಹಿಡಿಯಿತು. ಬರಿ ಕ್ಲಬ್ಬಿನ ಗತಿ ಇನ್ನೂ ಕೆಟ್ಟದಾಯಿತು. 1885ರಲ್ಲಿ ಹುಟ್ಟಿದ ಆ ಕ್ಲಬ್ ಹಣಕಾಸು ಸರಿಪಡಿಸಿಕೊಳ್ಳಲಾಗದೆ 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಆಗ ತಾತ, ಅಪ್ಪ, ಮಗ ಮೂರು ತಲೆಮಾರು ಒಟ್ಟಿಗೆ ಹೋಗುತ್ತಿದ್ದ ಮೈದಾನಕ್ಕೆ ಬೀಗ ಬಿತ್ತು. ಆಡಳಿತ ಕೆಟ್ಟರೆ ದಂಡ ತೆರುವವರು ಅಭಿಮಾನಿಗಳು.

ಕೊನೆಗೆ ಮತ್ತೆ ಲೆಸ್ಟರಿಗೇ ಬರುತ್ತೇನೆ. 2023ರಲ್ಲಿ ಅದರ ಸಂಬಳದ ಮೊತ್ತ 200 ಮಿಲಿಯನ್ ಪೌಂಡ್ ದಾಟಿತ್ತು, ಗೆದ್ದ ವರ್ಷದ ಎರಡು ಪಟ್ಟಿಗೂ ಹೆಚ್ಚು. ಆ ವರ್ಷವೇ ಅದು ಪ್ರೀಮಿಯರ್ ಲೀಗಿನಿಂದ ಕೆಳಕ್ಕೆ ಬಿತ್ತು. ಕಡಿಮೆ ಇದ್ದಾಗ ಗೆದ್ದ ಕ್ಲಬ್ಬೇ ಹೆಚ್ಚಿದ್ದಾಗ ಬಿದ್ದಿತು.

ಹಾಗಾದರೆ ನನ್ನ ತೀರ್ಮಾನ ಏನು? ವರ್ಷ ವರ್ಷವೂ ಮೇಲಿನ ಸಾಲಿನಲ್ಲಿ ಉಳಿಯಲು ದುಡ್ಡು ಬೇಕೇ ಬೇಕು. ಇಲ್ಲ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಇದ್ದದ್ದು ಎಷ್ಟು ಬಾಳುತ್ತದೆ ಅನ್ನುವುದು ಆಡಳಿತದ ಕೈಯಲ್ಲಿದೆ. ಮನೆ ನಡೆಸುವ ಯಾವ ಹೆಂಗಸನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಇಬ್ಬರಿಗೆ ಒಂದೇ ಸಂಬಳ ಬಂದರೂ ತಿಂಗಳ ಕೊನೆ ಒಂದೇ ತರಹ ಇರುವುದಿಲ್ಲ.

ಮಗನ ಗೆಳೆಯನಿಗೆ ನಾನು ಹೇಳಬೇಕೆಂದಿರುವುದು ಇಷ್ಟು: ಓಟ ಶುರುವಾಗುವ ಗೆರೆ ಎಲ್ಲರಿಗೂ ಒಂದೇ ಕಡೆ ಇಲ್ಲಪ್ಪ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನೇ ನೆಪ ಮಾಡಿಕೊಂಡು ಕೂರಬೇಡ. ವಾರ್ಡಿ 2012ರವರೆಗೂ ಪುಟ್ಟ ಕ್ಲಬ್ಬುಗಳಲ್ಲೇ ಆಡುತ್ತಿದ್ದ, ಆಡುವುದನ್ನು ನಿಲ್ಲಿಸಿರಲಿಲ್ಲ. ಹುಡುಕಿಕೊಂಡು ಬಂದವರಿಗೆ ಅವನು ಮೈದಾನದಲ್ಲೇ ಸಿಕ್ಕಿದ.

ಅವನು ಮುಂದಿನ ಶನಿವಾರ ಊಟಕ್ಕೆ ಬರುತ್ತಾನೆ. ಒಪ್ಪುತ್ತಾನೋ ಇಲ್ಲವೋ ಗೊತ್ತಿಲ್ಲ. ಈ ಸಲ ಮಾತ್ರ ಸಾರು ಬಿಸಿಯಿರುವಾಗಲೇ ಬಡಿಸುತ್ತೇನೆ.