ಅತಿಸ್ಥೌಲ್ಯವೆಂಬ ವ್ಯಾಧಿಯೂ ಅದರ ವಿಶೇಷ ಚಿಕಿತ್ಸೆಯೂ

(ನವಲಗುಂದದಲ್ಲಿ ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ನವಲಗುಂದದ ಎರೆಯ ಸೀಮೆಯಲ್ಲಿ ವೈದ್ಯದ ಮಾತೆಂದರೆ ಬಹುಕಾಲದ ವರೆಗೆ ಬರಗಾಲದ, ಕೃಶತೆಯ, ಜ್ವರದ ಮಾತಾಗಿದ್ದಿತು. ಮಳೆಯಾದರೆ ಬೆಳೆ, ಇಲ್ಲವಾದರೆ ಗುಳೆ ಎಂದು ಬಾಳಿದ ಜನರ ಕಣ್ಣಿಗೆ ಮೈ ತುಂಬಿಕೊಂಡವನು ಭಾಗ್ಯವಂತನಾಗಿ ಕಂಡದ್ದು ಸಹಜವೇ. ಆದಕಾರಣ ದೇಹದ ಭಾರವೇ ಒಂದು ವ್ಯಾಧಿಯಾಗಿ, ಮನುಷ್ಯನನ್ನು ಪಡಸಾಲೆಯಿಂದ ಹೊರಗೆ ಬಾರದಂತೆ ಮಾಡುವದೆಂಬ ಸಂಗತಿಯನ್ನು ಶ್ರೀಮಠದ ಸಭೆಯಲ್ಲಿ ಎತ್ತಿದರೆ ಕೆಲವರಿಗೆ ವಿಚಿತ್ರವೆನಿಸೀತು. ಇನ್ನು ಕೆಲವರಿಗೆ ನಗೆಯೂ ಬಂದೀತು. ಆ ನಗೆಯಿಂದಲೇ ವಿಷಯವನ್ನು ಆರಂಭಿಸುವದು ಯುಕ್ತ. ಯಾಕಂದರೆ ಈ ರೋಗಿಗಳಲ್ಲಿ ಅನೇಕರು ವೈದ್ಯನ ಬಾಗಿಲಿಗೆ ಬಾರದಿರುವದು ರೋಗದ ಭಯದಿಂದಲ್ಲ, ಆ ನಗೆಯ ಭಯದಿಂದ.

ಚರಕ ಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಲೋಕವು ನಿಂದಿಸುವ ಎಂಟು ಬಗೆಯ ದೇಹಗಳನ್ನು ಆಚಾರ್ಯನು ಅಲ್ಲಿ ಎಣಿಸಿರುವನು: ಅತಿ ಎತ್ತರದವನು, ಅತಿ ಗಿಡ್ಡನು, ಅತಿ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಇವುಗಳಲ್ಲಿ ಕಡೆಯ ಎರಡನ್ನು ಮಾತ್ರ ಆರಿಸಿಕೊಂಡು ಅವನು ವಿಸ್ತರಿಸುವನು. ಬಣ್ಣವನ್ನೂ ಎತ್ತರವನ್ನೂ ನಿಂದಿಸುವದು ಲೋಕದ ಚಾಳಿ, ಅದಕ್ಕೆ ಮದ್ದಿಲ್ಲ. ಸ್ಥೌಲ್ಯ ಕಾರ್ಶ್ಯಗಳಿಗಾದರೋ ಚಿಕಿತ್ಸೆಯುಂಟು. ನಿಂದೆಯ ಪಟ್ಟಿಯಿಂದ ಎತ್ತಿ ಚಿಕಿತ್ಸೆಯ ಪಟ್ಟಿಗೆ ಸೇರಿಸಿದ್ದೇ ಈ ಅಧ್ಯಾಯದ ಹಿರಿಮೆಯೆನ್ನಬೇಕು. ಆಯುಸ್ಸು ಕುಗ್ಗುವದು, ಚಲನೆ ಕುಂಠಿತವಾಗುವದು, ದೌರ್ಬಲ್ಯ, ದುರ್ಗಂಧ, ಬೆವರಿನ ಬಾಧೆ, ಅತಿಯಾದ ಹಸಿವು, ಅತಿಯಾದ ನೀರಡಿಕೆ ಮುಂತಾದ ಎಂಟು ದೋಷಗಳನ್ನು ಅತಿಸ್ಥೂಲನಿಗೆ ಅವನು ಹೇಳಿರುವನು. ಸುಶ್ರುತನು ಇದಕ್ಕೆ ಕ್ರಥನವೆಂಬ ಇನ್ನೊಂದನ್ನು ಕೂಡಿಸುವನು. ಉಸಿರು ಹಠಾತ್ತನೆ ಕಟ್ಟುವದೆಂದು ವ್ಯಾಖ್ಯಾನಕಾರರು ಅದಕ್ಕೆ ಅರ್ಥ ಹೇಳುವರು. ನಿದ್ರೆಯಲ್ಲಿ ಗೊರಕೆ ಹೊಡೆಯುತ್ತ ಹೊಡೆಯುತ್ತ ಉಸಿರು ನಿಂತು, ರೋಗಿಯು ಬೆಚ್ಚಿ ಎದ್ದು ಕೂಡ್ರುವದನ್ನು ಇಂದಿನ ಡಾಕ್ಟರರು ಪ್ರತ್ಯೇಕ ವ್ಯಾಧಿಯೆಂದೇ ಎಣಿಸುವರು. ಗೊರಕೆಯನ್ನು ಸುಖನಿದ್ರೆಯ ಗುರುತೆಂದು ತಿಳಿದ ಮನೆಯವರು ಈ ಮಾತನ್ನು ಚಿತ್ತವಿಟ್ಟು ಕೇಳತಕ್ಕದ್ದು.

ಇನ್ನು ಕಾರಣದ ವಿಚಾರ. ಅತಿಯಾದ ಆಹಾರ, ಸಿಹಿ, ಜಿಡ್ಡು, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವದು ಎಂಬಿವನ್ನು ಎಲ್ಲರೂ ಬಲ್ಲರು. ಆದರೆ ಚರಕನು ಆ ಪಟ್ಟಿಯಲ್ಲಿಯೇ ಬೀಜಸ್ವಭಾವವೆಂಬುದನ್ನೂ ಸೇರಿಸಿರುವನೆಂಬುದನ್ನು ಉಪದೇಶ ಮಾಡುವವರು ಮರೆತುಬಿಡುವರು. ತಂದೆತಾಯಿಗಳಿಂದ ಬಂದ ಬೀಜದ ಗುಣವೂ ಇದಕ್ಕೆ ಕಾರಣವಾಗುವದೆಂದು ಅವನ ಅಭಿಪ್ರಾಯ. ಅಷ್ಟೇ ಅಲ್ಲ, ಮೇದಸ್ಸು ಸ್ರೋತಸ್ಸುಗಳನ್ನು ಮುಚ್ಚಿದ ಮೇಲೆ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಊದುವದೆಂದೂ, ಉಂಡದ್ದು ಬೇಗನೆ ಜೀರ್ಣವಾಗಿ ಮತ್ತೆ ಅನ್ನವನ್ನೇ ಬಯಸುವಂತಾಗುವದೆಂದೂ ಹೇಳಿರುವನು. ಅಂದರೆ ಆ ಹಸಿವು ರೋಗಕ್ಕೆ ಕಾರಣವಾಗಿರುವಂತೆಯೇ ರೋಗದ ಫಲವೂ ಆಗಿರುವದು. ಪಾಶ್ಚಾತ್ಯ ಶಾಸ್ತ್ರವು ಈ ಮಾತಿಗೆ ಬೇರೆ ಮಾರ್ಗದಿಂದ ಬಂದಿತು. ಮೇದಸ್ಸಿನಿಂದಲೇ ಹೊರಟು ಮಿದುಳಿಗೆ ತೃಪ್ತಿಯ ಸುದ್ದಿಯನ್ನು ಒಯ್ಯುವ ಲೆಪ್ಟಿನ್ ಎಂಬ ಸ್ರಾವವನ್ನು ೧೯೯೪ರಲ್ಲಿಯೂ, ಜಠರದಿಂದ ಹಸಿವಿನ ಸುದ್ದಿಯನ್ನು ಒಯ್ಯುವ ಗ್ರೆಲಿನ್ ಎಂಬುದನ್ನು ೧೯೯೯ರಲ್ಲಿಯೂ ವಿಜ್ಞಾನಿಗಳು ಕಂಡುಹಿಡಿದರು. ಭಾರವನ್ನು ಪ್ರಯಾಸದಿಂದ ಇಳಿಸಿದವನ ದೇಹದಲ್ಲಿ ಹಸಿವಿನ ಸುದ್ದಿ ಹೆಚ್ಚಿ, ತೃಪ್ತಿಯ ಸುದ್ದಿ ಕುಗ್ಗಿ, ದೇಹವು ಕಡಿಮೆ ಖರ್ಚಿನಲ್ಲಿ ನಡೆಯಲು ಕಲಿತುಕೊಳ್ಳುವದು. ಬರಗಾಲದಲ್ಲಿ ಪ್ರಾಣವನ್ನುಳಿಸಿದ ಉಪಾಯವೇ ಸುಭಿಕ್ಷದಲ್ಲಿ ಶತ್ರುವಾಗುವದು. ಆದಕಾರಣ "ಬಾಯಿ ಕಟ್ಟಿದರೆ ಸಾಕು" ಎಂಬ ಬುದ್ಧಿವಾದವು ಅತಿಸ್ಥೂಲನ ವಿಷಯದಲ್ಲಿ ಅರ್ಧ ಸತ್ಯ. ಬುದ್ಧಿವಾದವಿಲ್ಲದೆ ಚಿಕಿತ್ಸೆಯಿಲ್ಲ, ಬುದ್ಧಿವಾದವೊಂದೇ ಚಿಕಿತ್ಸೆಯಲ್ಲ.

ಅತಿಯೆಂಬುದಕ್ಕೆ ಅಳತೆ ಯಾವದು? ತೂಕವನ್ನು ಕಿಲೋಗಳಲ್ಲಿ ಹಿಡಿದು, ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿದರೆ ಬರುವ ಅಂಕೆಯನ್ನು ವೈದ್ಯರು ಸೂಚ್ಯಂಕವೆನ್ನುವರು. ಬೆಲ್ಜಿಯಂ ದೇಶದ ಕೆಟಲೆ ಎಂಬ ಗಣಿತಜ್ಞನು ೧೯ನೆಯ ಶತಮಾನದಲ್ಲಿ ಹಾಕಿಕೊಟ್ಟ ಲೆಕ್ಕವಿದು. ೧೬೫ ಸೆಂಟಿಮೀಟರ ಎತ್ತರದವನು ೧೧೦ ಕಿಲೋ ತೂಗಿದರೆ ಅಂಕೆಯು ೪೦ನ್ನು ದಾಟುವದು; ಜಾಗತಿಕ ಆರೋಗ್ಯ ಸಂಸ್ಥೆಯು ಇದನ್ನು ಸ್ಥೌಲ್ಯದ ಮೂರನೆಯ, ಎಲ್ಲಕ್ಕೂ ತೀವ್ರವಾದ ದರ್ಜೆಯೆನ್ನುವದು. ಭಾರತೀಯರಲ್ಲಿ ಹೊಟ್ಟೆಯ ಒಳಗಣ ಮೇದಸ್ಸು ಹೆಚ್ಚಾಗಿರುವದರಿಂದ ಕಡಿಮೆ ಅಂಕೆಯಲ್ಲಿಯೇ ಮಧುಮೇಹವು ಅಂಟಿಕೊಳ್ಳುವದು. ಆದುದರಿಂದ ಇಲ್ಲಿಯ ವೈದ್ಯರು ೨೩ಕ್ಕೇ ಎಚ್ಚರಿಸುವರು. ಅಂಕೆಯೊಂದೇ ಸಾಲದು, ಅವಯವಗಳು ಕೆಟ್ಟಿವೆಯೇ, ನಿತ್ಯದ ಕೆಲಸಗಳು ನಿಂತಿವೆಯೇ ಎಂಬುದನ್ನೂ ನೋಡತಕ್ಕದ್ದೆಂದು ೨೦೨೫ರ ಆರಂಭದಲ್ಲಿ ಅಂತರರಾಷ್ಟ್ರೀಯ ವೈದ್ಯರ ಒಂದು ಮಂಡಲವು ನಿರ್ಣಯಿಸಿತು. ಇದು ನಾಡಿನ ಹೊರಗಣ ಸುದ್ದಿಯೆಂದು ಯಾರೂ ತಿಳಿಯಬಾರದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿಯೂ ಗಂಡಸರಲ್ಲಿಯೂ ನೂರಕ್ಕೆ ಸುಮಾರು ೩೦ ಜನರು ಅಧಿಕ ತೂಕದವರೆಂದು ಕಂಡುಬಂದಿತು. ಇವರೆಲ್ಲರೂ ಅತಿಸ್ಥೂಲರಲ್ಲ, ಆದರೆ ಅತಿಸ್ಥೂಲರು ಈ ಗುಂಪಿನಿಂದಲೇ ಬರುವರು. ಮಲಪ್ರಭೆಯ ಕಾಲುವೆ ಬಂದಿತು, ಟ್ರ್ಯಾಕ್ಟರ ಬಂದಿತು, ಹೊಲಕ್ಕೆ ಹೋಗಲು ಮೋಟರ ಸೈಕಲ್ಲು ಬಂದಿತು. ದಿನಕ್ಕೆ ಐದಾರು ಸಲ ಸಕ್ಕರೆಯ ಚಹ, ಸಂಜೆಗೆ ಗಿರ್ಮಿಟ್ಟು ಮಿರ್ಚಿ ಭಜಿ ಇವೂ ಬಂದವು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳುಗಳು ಪಾಪ ಮೂಲೆಗೆ ಸರಿದವು.

ವಿಶೇಷ ಚಿಕಿತ್ಸೆಯೆಂದರೇನೆಂಬುದು ಮುಖ್ಯ ಪ್ರಶ್ನೆ. ಮೊದಲು ಸಣ್ಣ ಸಂಗತಿಗಳನ್ನು ನೋಡಬೇಕು, ಯಾಕಂದರೆ ಮಾನವು ಹೋಗುವದು ಸಣ್ಣ ಸಂಗತಿಗಳಲ್ಲಿಯೇ. ಸಾಮಾನ್ಯ ತಕ್ಕಡಿಯು ೧೫೦ ಕಿಲೋ ತೂಕದವನಿಗೆ ಸಾಲದೆ ಹೋಗಬಹುದು. ಆಗ ಕಾಳಿನ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರೆ, ಆ ಮನುಷ್ಯನು ಮತ್ತೆ ದವಾಖಾನೆಯ ಮೆಟ್ಟಿಲು ಏರುವನೆ? ರಕ್ತದ ಒತ್ತಡವನ್ನು ಅಳೆಯುವ ಪಟ್ಟಿಯು ದಪ್ಪ ತೋಳಿಗೆ ಚಿಕ್ಕದಾದರೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುವದು. ಇಲ್ಲದ ರೋಗಕ್ಕೆ ಗುಳಿಗೆ ಕೊಟ್ಟಂತಾಗುವದು. ಭಾರ ತಾಳುವ ಮಂಚ, ಕೈಯಿಲ್ಲದ ಅಗಲವಾದ ಕುರ್ಚಿ, ಎತ್ತಿ ಕೂಡ್ರಿಸುವ ಸಾಧನ, ದೇಹದ ಒಳಚಿತ್ರ ತೆಗೆಯುವ ಯಂತ್ರದ ಭಾರಮಿತಿ, ಇವೆಲ್ಲ ಮೊದಲೇ ವಿಚಾರಿಸತಕ್ಕ ಮಾತುಗಳು. ಮೈಯ ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗುವದನ್ನು ಬಲ್ಲ ದಾದಿಯು ಬೇಕು. ಒಬ್ಬ ವೈದ್ಯನಿಂದ ಇದು ಸಾಗದು: ಸ್ರಾವಗ್ರಂಥಿಗಳ ತಜ್ಞ, ಪಥ್ಯ ಬಲ್ಲವರು, ಮೊಣಕಾಲು ನೋಯದಂತೆ ಚಲನೆ ಕಲಿಸುವ ಅಂಗಸಾಧಕರು, ಮನಸ್ಸಿನ ವೈದ್ಯರು, ಬೇಕಾದಾಗ ಶಸ್ತ್ರವೈದ್ಯರು ಇವರು ಕೂಡಿ ಒಬ್ಬ ರೋಗಿಯನ್ನು ವರ್ಷಗಟ್ಟಲೆ ನೋಡುವದೇ ವಿಶೇಷ ಚಿಕಿತ್ಸೆ.

ಔಷಧಗಳ ಮಾತು ಈಗ ಬಹಳ ನಡೆದಿರುವದು. ತೃಪ್ತಿಯ ಸುದ್ದಿಯನ್ನು ಅನುಕರಿಸುವ ಸೂಜಿಮದ್ದುಗಳು ೨೦೨೫ರಲ್ಲಿ ಭಾರತದಲ್ಲಿಯೂ ಮಾರಾಟಕ್ಕೆ ಬಂದವು. ಇವು ನಿಜವಾಗಿ ತೂಕವನ್ನು ಇಳಿಸುವವು. ಆದರೆ ನಿಲ್ಲಿಸಿದ ವರ್ಷದೊಳಗೆ ಇಳಿದ ಭಾರದ ಬಹುಭಾಗವು ಮರಳುವದೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ವೈದ್ಯನನ್ನು ಕೇಳದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವವರು ಮೂರ್ಖರೆಂದೇ ಹೇಳಬೇಕಾಗುವದು. ತೀವ್ರವಾದ ದರ್ಜೆಯವರಿಗೆ ಶಸ್ತ್ರಕ್ರಿಯೆಯುಂಟು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಕೊಳವೆಯಂತೆ ಮಾಡುವದು ಒಂದು. ಜಠರವನ್ನು ಚಿಕ್ಕ ಚೀಲವಾಗಿಸಿ ಕರುಳಿಗೆ ಅಡ್ಡದಾರಿ ಜೋಡಿಸುವದು ಇನ್ನೊಂದು. ಈ ಎರಡನೆಯದನ್ನು ಅಮೇರಿಕದಲ್ಲಿ ಡಾಕ್ಟರ ಮೇಸನ್ನರು ೧೯೬೬ರಲ್ಲಿ ಆರಂಭಿಸಿದರು. ಅನೇಕರಲ್ಲಿ ಮಧುಮೇಹವೂ ಇಳಿಯುವದು. ಇದರಿಂದ ಅಪಾಯವಿಲ್ಲವೆನ್ನುವವನೂ, ಇದರಿಂದ ಸಾಯುವರೆಂದು ಹೆದರಿಸುವವನೂ ಇಬ್ಬರೂ ನಂಬತಕ್ಕವರಲ್ಲ.

ಶಾಕಾಹಾರಿಗಳಾದ ಲಿಂಗಾಯತರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಶಸ್ತ್ರಕ್ರಿಯೆಯ ತರುವಾಯ ಒಂದು ಸಣ್ಣ ಬಟ್ಟಲಿನಷ್ಟೇ ಆಹಾರ ಹಿಡಿಯುವದು. ಅದರಲ್ಲಿ ಮಾಂಸಪುಷ್ಟಿಯ ಅಂಶವು ಮೊದಲು ಹೋಗಬೇಕು: ಬೇಳೆ, ಹೆಸರು, ಕಡಲೆ, ಹಾಲು, ಮೊಸರು. ಬಿ-ಹನ್ನೆರಡು ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ಸಿಗುವದು ದುರ್ಲಭ, ಶಸ್ತ್ರಕ್ರಿಯೆಯಾದ ಮೇಲೆ ದೇಹವು ಅದನ್ನು ಹೀರಿಕೊಳ್ಳುವದೂ ಕಡಿಮೆ. ಅದಕ್ಕಾಗಿ ಆ ಜೀವಸತ್ವ, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವ ಇವುಗಳ ಮದ್ದನ್ನು ಜೀವಮಾನವಿಡೀ ಬಿಡಬಾರದು, ರಕ್ತಪರೀಕ್ಷೆಯನ್ನೂ ಬಿಡಬಾರದು. ಕೈಕಾಲು ಜೋಮು ಹಿಡಿದ ಮೇಲೆ ನೆನಪಿಸಿಕೊಂಡರೆ ಕೆಲವು ಸಲ ಕಾಲ ಮಿಂಚಿರುವದು.

ನವಲಗುಂದದ ರೋಗಿಯು ಮೊದಲು ತಾಲೂಕ ದವಾಖಾನೆಯಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ಹುಬ್ಬಳ್ಳಿಗೆ ಹೋಗುವದು ಕ್ರಮ. ೧೯೫೭ರಲ್ಲಿ ಆರಂಭವಾದ, ಜನರು ಕಿಮ್ಸ್ ಎಂದು ಕರೆಯುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ದವಾಖಾನೆಯು ಅಲ್ಲಿರುವದು. ಧಾರವಾಡದ ಸತ್ತೂರಿನಲ್ಲಿ ಎಸ್.ಡಿ.ಎಂ. ದವಾಖಾನೆಯುಂಟು. ವಿಮೆಯ ವಿಷಯದಲ್ಲಿ ಒಂದು ಮಾತು: ೨೦೧೯ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಮಾಡಿದ ನಿಯಮದಂತೆ, ೧೮ ವರ್ಷ ತುಂಬಿದವನ ಸೂಚ್ಯಂಕವು ೪೦ ಅಥವಾ ಹೆಚ್ಚಾಗಿದ್ದು, ಇಲ್ಲವೆ ೩೫ ಅಥವಾ ಹೆಚ್ಚಾಗಿದ್ದು ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ, ತೀವ್ರವಾದ ನಿದ್ರಾಶ್ವಾಸರೋಧ ಮುಂತಾದವುಗಳಿದ್ದು, ವೈದ್ಯನು ಶಸ್ತ್ರಕ್ರಿಯೆಯನ್ನು ವಿಧಿಸಿದರೆ, ಸ್ಥೌಲ್ಯವೆಂಬ ಒಂದೇ ಕಾರಣದಿಂದ ಅದನ್ನು ತಳ್ಳಿಹಾಕುವಂತಿರಲಿಲ್ಲ. ಕಂಪನಿಯವರು ಬಾಯಿಮಾತಿನಲ್ಲಿ ಇಲ್ಲವೆಂದರೆ ಬರವಣಿಗೆಯಲ್ಲಿ ಕೇಳತಕ್ಕದ್ದು.

ಇನ್ನು ಶ್ರೀಮಠಗಳ ಪಾಲಿನದು. ದಾಸೋಹದ ಪಂಕ್ತಿಯಲ್ಲಿ ಬೇಡವೆಂದವನ ಎಲೆಗೆ ಹುಗ್ಗಿಯನ್ನು ಒತ್ತಾಯದಿಂದ ಬಡಿಸುವದು ಪ್ರೀತಿಯ ಗುರುತಾಗಿ ನಡೆದುಬಂದಿದೆ. ಬಿಟ್ಟರೆ ಪ್ರಸಾದಕ್ಕೆ ಅಪಚಾರವೆಂಬ ಭಯದಿಂದ ಅವನು ಉಣ್ಣುವನು. ಜಠರದ ಶಸ್ತ್ರಕ್ರಿಯೆಯಾದವನಿಗೆ ಈ ಪ್ರೀತಿಯು ವಾಂತಿಯಾಗಿ, ನೋವಾಗಿ ಪರಿಣಮಿಸುವದು. ಪ್ರಸಾದವು ಭಾವದಿಂದ ಪ್ರಸಾದವೇ ಹೊರತು ಸೌಟಿನ ಲೆಕ್ಕದಿಂದಲ್ಲ. ಒಂದು ತುತ್ತಿನಲ್ಲಿ ಅದು ಪೂರ್ಣವಾಗಿರುವದು. ಬಡಿಸುವವರು ಕೇಳಿ ಬಡಿಸಬೇಕು, ಉಣ್ಣುವವನು ಮೊದಲೇ ಸ್ವಲ್ಪವೆಂದು ಹೇಳಬೇಕು. ಶ್ರಾವಣ ಸೋಮವಾರದ ಉಪವಾಸವೂ ಹೀಗೆಯೇ: ಇನ್ಸುಲಿನ್ ತೆಗೆದುಕೊಳ್ಳುವವನು ವೈದ್ಯನನ್ನು ಕೇಳದೆ ಉಪವಾಸ ಮಾಡಿದರೆ ಸಕ್ಕರೆ ಇಳಿದು ಮೂರ್ಛೆ ಹೋಗುವನು, ಉಪವಾಸದ ಹೆಸರಿನಲ್ಲಿ ಸಾಬೂದಾಣಿ, ಉಂಡಿಗಳನ್ನು ಹೊಟ್ಟೆ ತುಂಬ ತಿನ್ನುವವನ ಮಾತಂತೂ ಬೇರೆ. ನೆಲದ ಮೇಲೆ ಕೂಡ್ರಲಾರದವನು ಲಿಂಗಪೂಜೆಯನ್ನು ಬಿಟ್ಟುಬಿಟ್ಟಿರುವದುಂಟು, ಮಠಕ್ಕೆ ಬರುವದನ್ನೂ ಬಿಟ್ಟಿರುವದುಂಟು. ಇಷ್ಟಲಿಂಗವು ಅಂಗೈಯಲ್ಲಿರುವದು, ಕುರ್ಚಿಯ ಮೇಲೆ ಕುಳಿತವನ ಅಂಗೈಯೂ ಅಂಗೈಯೇ. ದಾಸೋಹದ ಮನೆಯ ಗೋಡೆಗುಂಟ ಎರಡು ಗಟ್ಟಿ ಬಾಕುಗಳು, ಗದ್ದುಗೆಯ ಮೆಟ್ಟಿಲ ಬದಿಯಲ್ಲಿ ಒಂದು ಕಬ್ಬಿಣದ ಕಟಾಂಜನ, ಮಠದ ದವಾಖಾನೆಯಲ್ಲಿ ೨೦೦ ಕಿಲೋ ತೂಗುವ ತಕ್ಕಡಿ, ಅದೂ ಪರದೆಯ ಹಿಂದೆ: ಇಷ್ಟಕ್ಕೆ ಬಡಗಿಯೂ ಕಮ್ಮಾರನೂ ಒಂದು ವಾರ ದುಡಿದರೆ ಸಾಕಾಗುವದು.