ನೆರಳಿನ ಕಾಫಿ: ಯಾವ ಮರದ ನೆರಳು?

(ಕಾಫಿ ಬೆಳೆಗಾರರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇತ್ತೀಚಿನ ವರ್ಷಗಳಲ್ಲಿ ನಗರಗಳಲ್ಲಿ ಮಾರಾಟವಾಗುವ ವಿಶೇಷ ದರ್ಜೆಯ ಕಾಫಿ ಪೊಟ್ಟಣಗಳ ಮೇಲೆ ತೋಟದ ಹೆಸರು, ತಳಿ, ಸಮುದ್ರಮಟ್ಟದಿಂದ ಎತ್ತರ ಇವುಗಳ ಜೊತೆಗೆ ‘ನೆರಳಿನಲ್ಲಿ ಬೆಳೆದದ್ದು’ ಎಂಬ ಮಾತೂ ಅಚ್ಚಾಗುತ್ತಿದೆ. ಕೊಳ್ಳುವವರು ಆ ಮಾತಿಗೆ ಬೆಲೆ ಕೊಡುತ್ತಿದ್ದಾರೆ. ಆದರೆ ಆ ನೆರಳು ಯಾವ ಮರದ್ದು ಎಂಬುದನ್ನು ಪೊಟ್ಟಣ ತಿಳಿಸುವುದಿಲ್ಲ. ಮಲೆನಾಡಿನ ಮಟ್ಟಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ನೈರುತ್ಯ ಭಾಗದ ಎತ್ತರದ ಕಾಡುಗಳು. ಅಲ್ಲಿ ಅದು ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವ ಗಿಡ. ಅಲ್ಲಿಂದ ಯೆಮೆನ್ ದೇಶಕ್ಕೆ ಹೋಯಿತು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಮೋಕಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪರಂಪರೆ ಹೇಳುತ್ತದೆ. 19ನೆಯ ಶತಮಾನದಲ್ಲಿ ಯುರೋಪಿಯನ್ನರ ದೊಡ್ಡ ತೋಟಗಳು ತಲೆಯೆತ್ತಿದಾಗ ಹಲವು ಕಡೆ ಕಾಡನ್ನು ಪೂರ್ತಿ ಕಡಿದು ಸುಟ್ಟು, ಬಯಲು ಬಿಸಿಲಿನಲ್ಲಿ ಕಾಫಿ ನೆಡಲಾಯಿತು.

ಅದರ ಫಲ ಬಹುಬೇಗ ಕಾಣಿಸಿತು. 1860ರ ದಶಕದಲ್ಲಿ ಕೊಡಗು ಮತ್ತು ಮೈಸೂರಿನ ತೋಟಗಳ ಮೇಲೆ ಬಿಳಿ ಕಾಂಡಕೊರಕ ಎರಗಿತು. ಈ ದುಂಬಿಯ ಹೆಣ್ಣಿಗೆ ಬಿಸಿಲು ಬೇಕು. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಕೊರೆದು ಗಿಡವನ್ನೇ ಒಣಗಿಸುತ್ತದೆ. ಈ ಪಿಡುಗನ್ನು ಪರಿಶೀಲಿಸಿದ ಡಾ. ಜಾರ್ಜ್ ಬಿಡೀ ಅವರ ವರದಿ 1869ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ನೆರಳಿನ ಅಗತ್ಯವನ್ನು ಅದು ಒತ್ತಿ ಹೇಳಿತು. ಅದೇ ವರ್ಷ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ನಾಶವಾಗಿ ಚಹಾ ಬಂದಿತು. ಇಲ್ಲಿ ಕಾಫಿ ಉಳಿದುಕೊಂಡಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ನೀಡಿದ ಎಸ್.795ರಂತಹ ತಳಿಗಳಿಗೆ ಇದರಲ್ಲಿ ಪಾಲಿದೆ. ತೋಟದ ಮರಗಳಿಗೂ ಪಾಲಿದೆ. ಎಂದರೆ, ನೆರಳು ಇಲ್ಲಿ ವ್ಯಾಪಾರಕ್ಕೆಂದು ಬಂದದ್ದಲ್ಲ. ನಷ್ಟ ಉಂಡ ಬೆಳೆಗಾರರು ಕಲಿತ ಪಾಠ ಅದು.

ಆ ಪಾಠವನ್ನು ಕುಟುಂಬದ ತೋಟಗಳು ಇನ್ನಷ್ಟು ಬೆಳೆಸಿದವು. ಕೆಳ ಅಂತಸ್ತಿಗೆ ಹಾಲುವಾಣ; ಅದು ನೆಲಕ್ಕೆ ಸಾರಜನಕವನ್ನೂ ಕೊಡುತ್ತದೆ. ಮೇಲಿನ ಅಂತಸ್ತಿನಲ್ಲಿ ಅತ್ತಿ, ಬಸರಿ, ಹಲಸು, ನಂದಿ, ಹೊನ್ನೆ, ನೇರಳೆ. ಉದುರಿದ ತರಗೆಲೆ ಇಳಿಜಾರಿನ ಮಣ್ಣನ್ನು ಮಳೆಯ ಹೊಡೆತದಿಂದ ಕಾಯುತ್ತದೆ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜ ತುಂಬಿಕೊಳ್ಳುತ್ತದೆ. ಆದರೆ ನೆರಳು ಹೆಚ್ಚಾದರೂ ಕಷ್ಟ: ಮಳೆಗಾಲದ ಥಂಡಿಯಲ್ಲಿ ಕೊಳೆರೋಗ ಬರುತ್ತದೆ, ಫಸಲು ಇಳಿಯುತ್ತದೆ. ಆದ್ದರಿಂದಲೇ ಮರಗಸಿ. ಯಾವ ಕೊಂಬೆ ಉಳಿಯಬೇಕು, ಯಾವುದು ಬೀಳಬೇಕು ಎಂಬ ಆ ತಿಳಿವಳಿಕೆ ಪುಸ್ತಕದಿಂದ ಬರುವುದಲ್ಲ. ಅದು ಮರ ಹತ್ತುವ ಕಾರ್ಮಿಕನ ಅನುಭವದಲ್ಲಿದೆ.

ಇಂದು ಈ ಬಹುಜಾತಿಯ ನೆರಳಿನ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬರುತ್ತಿದೆ. ಇದಕ್ಕಾಗಿ ಬೆಳೆಗಾರನನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಸಿಲ್ವರ್ ಓಕ್ ನೇರವಾಗಿ, ಬೇಗ ಬೆಳೆಯುತ್ತದೆ. ಕಾಳುಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಕಷ್ಟಕಾಲದಲ್ಲಿ ಕಡಿದು ಮಾರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಅದನ್ನು ಕಡಿಯಲು ಪೂರ್ವಾನುಮತಿಯಿಂದ ವಿನಾಯಿತಿ ನೀಡಿದೆ. ಹೆಚ್ಚಿನ ನಾಡಮರಗಳಿಗೆ ಆ ವಿನಾಯಿತಿಯಿಲ್ಲ. ಕೊಡಗಿನ ‘ಅನ್‌ರಿಡೀಮ್ಡ್’ ಜಮೀನುಗಳಲ್ಲಂತೂ ನಾಡಮರಗಳ ಹಕ್ಕು ಸರ್ಕಾರದ್ದೇ. ತಾನಾಗಿ ಹುಟ್ಟಿದ ನಂದಿಯ ಸಸಿಯನ್ನು ನಲವತ್ತು ವರ್ಷ ಕಾಪಾಡಿದರೂ ಅದು ತನ್ನದಾಗದು ಎಂದಾದರೆ, ಅದನ್ನು ಸಸಿಯಾಗಿದ್ದಾಗಲೇ ಕಿತ್ತುಹಾಕುವ ಮನಸ್ಸು ಹುಟ್ಟದೇ ಇದ್ದೀತೇ? ಮರವನ್ನು ಉಳಿಸಲು ಮಾಡಿದ ನಿಯಮವೇ ಹೀಗೆ ಮರದ ವಂಶಕ್ಕೆ ಮುಳುವಾಗಿದೆ.

ಸಿಲ್ವರ್ ಓಕ್ ಮಾತ್ರವೇ ಇರುವ ತೋಟದಲ್ಲಿಯೂ ನೆರಳಿದೆ, ನಿಜ. ಆದರೆ ಅದು ತೆಳು ನೆರಳು. ಅತ್ತಿ, ಬಸರಿಗಳಂತೆ ಮಂಗಟ್ಟೆಗೂ ಕುಟ್ರು ಹಕ್ಕಿಗೂ ಅದು ಹಣ್ಣು ಕೊಡುವುದಿಲ್ಲ. ಹಕ್ಕಿ ಬಾರದಿದ್ದರೆ ಹಕ್ಕಿ ತರುವ ಬೀಜವೂ ಬಾರದು. ಕಾವೇರಿ, ಹೇಮಾವತಿ, ಭದ್ರೆಯರ ಜಲಾನಯನದಲ್ಲಿ ಕಾಫಿ ತೋಟಗಳು ದೊಡ್ಡ ಪಾಲನ್ನು ಆವರಿಸಿರುವುದರಿಂದ ಇದು ತೋಟದ ಬೇಲಿಯೊಳಗಿನ ವಿಚಾರವಾಗಿ ಉಳಿಯುವುದಿಲ್ಲ.

ಮಾರುಕಟ್ಟೆಯಿಂದ ಪರಿಹಾರ ಸಿಕ್ಕೀತೇ? ಭಾಗಶಃ ಸಿಗಬಹುದು. ನೂರಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದ ಕಾಫಿಯನ್ನು ವಿಶೇಷ ದರ್ಜೆಯದೆಂದು ಪರಿಗಣಿಸುತ್ತಾರೆ. ಅದಕ್ಕಾಗಿ ಹಣ್ಣನ್ನಷ್ಟೇ ಆರಿಸಿ ಹಲವು ಸುತ್ತು ಕೊಯ್ಯಬೇಕು, ಕಣದಲ್ಲಿ ಎಚ್ಚರದಿಂದ ಒಣಗಿಸಬೇಕು. ಮನೆಮಂದಿಯೇ ಮುಂದೆ ನಿಂತು ನೋಡಿಕೊಳ್ಳುವ ಸಣ್ಣ ತೋಟಕ್ಕೆ ಇದು ಒಗ್ಗುವ ಕೆಲಸ. ಆದರೆ ಆ ಅಂಕಗಳು ಬಟ್ಟಲಿನ ರುಚಿಗೆ ಸಲ್ಲುತ್ತವೆ, ಮರಗಳ ಲೆಕ್ಕ ಅವುಗಳಲ್ಲಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಹಕ್ಕಿಸ್ನೇಹಿ ಪ್ರಮಾಣಪತ್ರವಾದರೋ ಕನಿಷ್ಠ ಶೇ. 40ರಷ್ಟು ಮರಗಳ ಹೊದಿಕೆಯನ್ನೂ ಹತ್ತಕ್ಕೆ ಕಡಿಮೆಯಿಲ್ಲದ ಮರಜಾತಿಗಳನ್ನೂ ಕೇಳುತ್ತದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಬೆಲೆ ಬಂದಿರುವಾಗ ಆ ಊರಿನ ಮರಗಳು ಲೆಕ್ಕಕ್ಕೆ ಬಾರದಿರುವುದು ಸರಿಯಲ್ಲ.

ಆದ್ದರಿಂದ ಮೂರು ಕೆಲಸಗಳು ಆಗಬೇಕು. ಮೊದಲನೆಯದು, ಪ್ರತಿ ತೋಟದಲ್ಲಿ ಮರಗಳ ಪಟ್ಟಿ ಬರೆದಿಡುವುದು. ಪೊಟ್ಟಣದ ಮೇಲೆ ‘ನೆರಳು’ ಎಂದು ಬರೆಯುವವರು ಮರಗಳ ಹೆಸರನ್ನೂ ಬರೆಯಲಿ. ಎರಡನೆಯದು, ಮರು ನಾಟಿಯ ವೇಳೆ ಹಕ್ಕಿ ಬಿತ್ತಿದ ಸಸಿಗಳನ್ನು ಕಳೆಯೆಂದು ಕೀಳದೆ ಉಳಿಸುವುದು. ಮೂರನೆಯದು ಮತ್ತು ಮುಖ್ಯವಾದದ್ದು, ತೋಟದಲ್ಲಿ ಬೆಳೆಸಿದ ನಾಡಮರದ ಮೇಲೆ ಸಿಲ್ವರ್ ಓಕ್‌ಗೆ ಇರುವಷ್ಟೇ ಹಕ್ಕು ಬೆಳೆಗಾರನಿಗೆ ದೊರೆಯುವಂತೆ ಸರ್ಕಾರವನ್ನು ಒಟ್ಟಾಗಿ ಒತ್ತಾಯಿಸುವುದು. ಬೀಟೆಯಂತಹ ಅಪರೂಪದ ಮರಗಳಿಗೆ ರಕ್ಷಣೆ ಮುಂದುವರಿಯಲಿ; ಉಳಿದವನ್ನು ಬೆಳೆಸಿದವನಿಗೆ ಅವು ಹೊರೆಯಾಗದಿರಲಿ.

ಮೊದಲ ಎರಡು ಕೆಲಸಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಈ ಮಳೆಗಾಲದಲ್ಲಿಯೇ, ಮರಗಸಿಗೆ ಆಳು ಕರೆಯುವ ಮೊದಲು, ಮರಗಳನ್ನು ಎಣಿಸಲು ತೊಡಗಬಹುದು.