ಜನರನ್ನು ಎರಡನೇ ಸಲ ಕೇಳಬಹುದೇ?



ಈ ವಿಚಾರ ಸಂಕಿರಣ ಎತ್ತಿಕೊಂಡಿರುವ ಪ್ರಶ್ನೆ ಕೇಳಲು ಸರಳ. ದೇಶವನ್ನೇ ಇಬ್ಭಾಗ ಮಾಡಿದ ತೀರ್ಮಾನವೊಂದನ್ನು ಜನಮತಗಣನೆಯಿಂದ ಕೈಗೊಂಡ ಮೇಲೆ, ಅದೇ ಜನರ ಮುಂದೆ ಅದನ್ನು ಮತ್ತೊಮ್ಮೆ ಇಡಬಹುದೇ? ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವಿಲ್ಲ. ನೆರೆಯ ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು 1967ರ ಜನವರಿ 16ರಂದು ಜನರನ್ನು ಕೇಳಬೇಕಾದಾಗ ಸಂಸತ್ತು ಅದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಸುಮಾರು 34 ಸಾವಿರ ಮತಗಳ ಅಂತರದಲ್ಲಿ ವಿಲೀನ ಬೇಡವೆಂದಾಯಿತು. ಹೀಗಾಗಿ ನಮಗೆ ಈ ವಿಷಯದಲ್ಲಿ ಪಾಠ ಹೇಳುವ ದೇಶ ಬ್ರಿಟನ್.

2016ರ ಜೂನ್ 23ರಂದು ಐರೋಪ್ಯ ಒಕ್ಕೂಟವನ್ನು ಬಿಡೋಣವೆಂದವರು ಶೇ 51.9, ಉಳಿಯೋಣವೆಂದವರು ಶೇ 48.1. ಸ್ಕಾಟ್ಲೆಂಡಿನಲ್ಲಾದರೋ ಶೇ 62ರಷ್ಟು ಜನ ಉಳಿಯುವ ಪರ ಇದ್ದರು. ಕಾನೂನಿನ ಲೆಕ್ಕದಲ್ಲಿ ಅದು ಬರೀ ಸಲಹಾ ಮತದಾನ. ಇಂತಿಷ್ಟು ಮತ ಬಿದ್ದರೆ ಮಾತ್ರ ಸಿಂಧು ಎಂಬ ಷರತ್ತೂ ಇರಲಿಲ್ಲ. ಷರತ್ತು ಹಾಕುವುದು ಆ ಸಂಸತ್ತಿಗೆ ಹೊಸದೇನಲ್ಲ. 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ, ಒಟ್ಟು ಮತದಾರರಲ್ಲಿ ಶೇ 40ರಷ್ಟಾದರೂ ಹೌದೆನ್ನಬೇಕು ಎಂಬ ಕಟ್ಟಳೆ ಇತ್ತು. ಬಿದ್ದ ಮತಗಳಲ್ಲಿ ಶೇ 51.6 ಹೌದೆಂದರೂ ಶಾಸನಸಭೆ ಆಗ ಬರಲಿಲ್ಲ. ಅದೇ ಕಟ್ಟಳೆ 2016ರಲ್ಲಿ ಇದ್ದಿದ್ದರೆ ಬ್ರೆಕ್ಸಿಟ್, ಅಂದರೆ ಒಕ್ಕೂಟದಿಂದ ಹೊರಬರುವ ತೀರ್ಮಾನ, ಬಿದ್ದುಹೋಗುತ್ತಿತ್ತು. ಬಿಡೋಣವೆಂದ 1.74 ಕೋಟಿ ಜನ ಒಟ್ಟು ಮತದಾರರಲ್ಲಿ ಶೇ 37.4 ಮಾತ್ರ. ಹಾಗೆಂದು ಎಣಿಕೆ ಮುಗಿದ ಮೇಲೆ ಕಟ್ಟಳೆ ಬದಲಿಸಿದರೆ ಅದನ್ನು ಮೋಸವೆಂದೇ ಕರೆಯಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಎರಡನೇ ಮತದಾನದ ಮಾತನ್ನು ಮೊದಮೊದಲು ಆಡಿದವರಲ್ಲಿ ಬ್ರೆಕ್ಸಿಟ್ ಪರ ನಾಯಕರೂ ಇದ್ದರು. ಸಂಧಾನ ಮುಗಿದ ಬಳಿಕ ಇನ್ನೊಂದು ಜನಮತಗಣನೆ ಇಡುವುದು ಹೆಚ್ಚು ಸೂಕ್ತವಾದೀತು ಎಂದು ಜೇಕಬ್ ರೀಸ್-ಮಾಗ್ 2011ರಲ್ಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ ಹೇಳಿದ್ದರು. ತಮ್ಮ ಕಡೆಯವರು 52-48ರಲ್ಲಿ ಸೋತರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ ಎಂದು ನೈಜೆಲ್ ಫರಾಜ್ 2016ರ ಮೇ ತಿಂಗಳಲ್ಲಿ ಎಚ್ಚರಿಸಿದ್ದರು. ಗೆದ್ದವರಿಗೆ ಶೇ 60 ಬಾರದೆ, ಮತದಾನವೂ ಶೇ 75 ಮುಟ್ಟದಿದ್ದರೆ ಮತ್ತೆ ನಡೆಸಿ ಎಂಬ ಅರ್ಜಿಯನ್ನು ಫಲಿತಾಂಶಕ್ಕೆ ಮೊದಲೇ ಹಾಕಿದಾತನೂ ಬಿಡುವ ಪಕ್ಷದವನೇ. ಸೋತವರು ಅದೇ ಅರ್ಜಿಗೆ 40 ಲಕ್ಷಕ್ಕೂ ಮೀರಿ ಸಹಿ ಹಾಕಿದರು. ಸೋಲುವ ಭಯ ಯಾರಿಗಿದೆಯೋ ಅವರ ಬಾಯಲ್ಲಿ ತತ್ತ್ವ ಹುಟ್ಟುತ್ತದೆ!

ಮರುಮತದಾನದ ವಿರೋಧಿಗಳು ಬೊಟ್ಟು ಮಾಡುವುದು ಐರ್ಲೆಂಡ್ ಮತ್ತು ಡೆನ್ಮಾರ್ಕ್ ಕಡೆಗೆ. ಐರೋಪ್ಯ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಡೆನ್ಮಾರ್ಕ್ 1992ರಲ್ಲಿ ತಿರಸ್ಕರಿಸಿ 1993ರಲ್ಲಿ ಒಪ್ಪಿತು. ಐರ್ಲೆಂಡ್ ಅದೇ ಒಕ್ಕೂಟದ ನೀಸ್ ಒಪ್ಪಂದಕ್ಕೆ 2001ರಲ್ಲಿ, ಲಿಸ್ಬನ್ ಒಪ್ಪಂದಕ್ಕೆ 2008ರಲ್ಲಿ ಬೇಡವೆಂದು, ಎರಡು ಸಲವೂ ಮರುವರ್ಷ ಹೌದೆಂದಿತು. ಆಳುವವರಿಗೆ ಬೇಕಾದ ಉತ್ತರ ಬರುವವರೆಗೂ ಕೇಳುತ್ತಲೇ ಇರುತ್ತಾರೆ ಎಂಬ ಗುಮಾನಿ ಹುಟ್ಟಿದ್ದು ಹೀಗೆ. ಈ ಗುಮಾನಿಯನ್ನು ತಳ್ಳಿಹಾಕಲಾರೆ. ಹೌದೆಂಬ ಉತ್ತರ ಬಂದಿದ್ದರೆ ಈ ಮೂರರಲ್ಲಿ ಯಾವುದನ್ನೂ ಮತ್ತೆ ಕೇಳುತ್ತಿರಲಿಲ್ಲ. ಆದರೆ ಎರಡನೇ ಸಲ ಡೆನ್ಮಾರ್ಕಿನ ಜನರ ಮುಂದಿದ್ದುದು ಅದೇ ಕಾಗದವಲ್ಲ. ಏಕ ನಾಣ್ಯ, ರಕ್ಷಣೆ ಮೊದಲಾದ ನಾಲ್ಕು ವಿಷಯಗಳಲ್ಲಿ ವಿನಾಯಿತಿ ಪಡೆದ ಮೇಲೆ ಸರ್ಕಾರ ಮತ್ತೆ ಕೇಳಿತ್ತು. ಪ್ರಶ್ನೆ ಬದಲಾಗಿತ್ತು ಎಂಬುದೇ ಅಲ್ಲಿನ ಸಮರ್ಥನೆ.

ಮತ್ತೆ ಕೇಳಲು ಸ್ವಿಟ್ಜರ್ಲೆಂಡ್ ಇನ್ನೊಂದು ಕಾರಣವನ್ನು ತೋರಿಸಿತು. ವಿವಾಹಿತರ ತೆರಿಗೆ ಕುರಿತ 2016ರ ಮತದಾನಕ್ಕೆ ಮುನ್ನ ಸರ್ಕಾರ, ಆ ತೆರಿಗೆಯಿಂದ ತೊಂದರೆಗೊಳಗಾದ ದುಡಿಯುವ ದಂಪತಿಗಳು ಸುಮಾರು 80 ಸಾವಿರ ಎಂದು ಹೇಳಿತ್ತು. ನಿಜವಾದ ಸಂಖ್ಯೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. 2019ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದುಪಡಿಸಿತು.

ಬ್ರಿಟನ್ನಿನಲ್ಲಿ ಎರಡನೇ ಮತದಾನ ಕೇಳಿದವರ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದು: 2016ರಲ್ಲಿ ‘ಬಿಡುವುದು’ ಎಂಬುದಕ್ಕೆ ರೂಪವೇ ಇರಲಿಲ್ಲ. ನಾರ್ವೆಯಂತೆ ಏಕ ಮಾರುಕಟ್ಟೆಯಲ್ಲಿ ಉಳಿಯುವುದೇ, ಒಪ್ಪಂದವೇ ಇಲ್ಲದೆ ಹೊರಬೀಳುವುದೇ, ಯಾರೂ ಕೇಳಿರಲಿಲ್ಲ. ಪಿತ್ರಾರ್ಜಿತ ಜಮೀನು ಮಾರೋಣವೆಂದು ಅಣ್ಣತಮ್ಮಂದಿರು ಒಪ್ಪಿದ ಮಾತ್ರಕ್ಕೆ ಯಾರಿಗೆ, ಯಾವ ದರಕ್ಕೆ ಎಂಬುದಕ್ಕೂ ಸಹಿ ಹಾಕಿದಂತಾಗುವುದಿಲ್ಲ. ಆಗಿನ ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದ 2019ರ ಜನವರಿಯಲ್ಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ 230 ಮತಗಳ ಅಂತರದಿಂದ ಸೋತಿತು. ಹೊರಹೋಗುವ ನೋಟಿಸನ್ನು ಬ್ರಿಟನ್ ತಾನೊಂದೇ ಹಿಂಪಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ ಅಷ್ಟರಲ್ಲಾಗಲೇ ತೀರ್ಪು ಕೊಟ್ಟಿತ್ತು. ಏಪ್ರಿಲ್ 1ರಂದು, ಯಾವುದೇ ಒಪ್ಪಂದಕ್ಕೂ ಜನರ ಒಪ್ಪಿಗೆ ಪಡೆಯಬೇಕೆಂಬ ಪ್ರಸ್ತಾಪ 280-292ರಲ್ಲಿ ಬಿದ್ದಿತು. ಬರೀ 12 ಮತ.

ಗೆದ್ದಿದ್ದರೂ ಕಷ್ಟ ಮುಗಿಯುತ್ತಿರಲಿಲ್ಲ. ಮತಪತ್ರದಲ್ಲಿ ಏನು ಅಚ್ಚಾಗಬೇಕು? ಮೇ ತಂದ ಒಪ್ಪಂದ, ಒಪ್ಪಂದವಿಲ್ಲದ ನಿರ್ಗಮನ, ಉಳಿಯುವುದು: ಮೂರೂ ಇದ್ದರೆ ಯಾವುದಕ್ಕೂ ಬಹುಮತ ಬಾರದು. ಎರಡೇ ಇಟ್ಟರೆ ಕೈಬಿಟ್ಟ ಮೂರನೆಯದರ ಬೆಂಬಲಿಗರು ಮತಗಟ್ಟೆಗೇ ಬರಲಾರರು. ಕೊನೆಗೆ 2019ರ ಡಿಸೆಂಬರಿನ ಚುನಾವಣೆ ವಾದವನ್ನು ಮುಗಿಸಿತು. ಶೇ 43.6 ಮತ ಪಡೆದ ಕನ್ಸರ್ವೇಟಿವ್ ಪಕ್ಷಕ್ಕೆ 80 ಸ್ಥಾನಗಳ ಬಹುಮತ ಸಿಕ್ಕಿತು, 2020ರ ಜನವರಿ 31ರಂದು ಬ್ರಿಟನ್ ಹೊರನಡೆಯಿತು. ಜನಮತಗಣನೆಯ ಪ್ರಶ್ನೆಗೆ ಸಾರ್ವತ್ರಿಕ ಚುನಾವಣೆಯ ಉತ್ತರ ಕೊಟ್ಟದ್ದು ನನಗಂತೂ ಸಮಾಧಾನ ತಂದಿಲ್ಲ.

ಹಾಗಾದರೆ ದಾರಿ? ನ್ಯೂಜಿಲೆಂಡ್ ನೋಡಿ. ಚುನಾವಣಾ ಪದ್ಧತಿ ಬದಲಾಗಬೇಕೇ ಎಂದು 1992ರಲ್ಲಿ ಕೇಳಿದಾಗ ಶೇ 84ಕ್ಕೂ ಹೆಚ್ಚು ಜನ ಬೇಕೆಂದರು. ಹಳೆಯದನ್ನೂ ಅವರೇ ಆರಿಸಿದ ಹೊಸದನ್ನೂ ಎದುರುಬದುರು ಇಟ್ಟು 1993ರಲ್ಲಿ ಮತ್ತೆ ಕೇಳಿದಾಗ ಹೊಸದು ಶೇ 54ರ ಆಸುಪಾಸಿನಲ್ಲಿ ಗೆದ್ದಿತು. 2015-16ರಲ್ಲಿ ರಾಷ್ಟ್ರಧ್ವಜದ ಪ್ರಶ್ನೆಗೂ ಎರಡು ಹಂತ. ಎರಡನೆಯದರಲ್ಲಿ ಹಳೆಯ ಧ್ವಜವೇ ಉಳಿಯಿತು. ಎರಡನೇ ಮತದಾನ ಬರಲಿದೆ ಎಂಬುದು ಮೊದಲನೆಯದಕ್ಕೆ ಮುನ್ನವೇ ಎಲ್ಲರಿಗೂ ಗೊತ್ತಿದ್ದುದರಿಂದ ಅದು ಸೋತವರ ಕುತಂತ್ರವೆಂಬ ಆರೋಪಕ್ಕೆ ಎಡೆಯಿರಲಿಲ್ಲ.

ನನ್ನ ನಿಲುವು ಇಷ್ಟು. ತತ್ತ್ವದಲ್ಲಿ ಎರಡನೇ ಮತದಾನ ತಪ್ಪಲ್ಲ. ಆದರೆ ಅದರ ಷರತ್ತು ಮೊದಲನೆಯದರ ಕಾಯ್ದೆಯಲ್ಲೇ ಬರೆದಿರಬೇಕು. ಬ್ರಿಟನ್ ಎಡವಿದ್ದು 2015ರಲ್ಲಿ, ಕಾಯ್ದೆ ಬರೆಯುವಾಗ. 2019ರಲ್ಲಿ ಅದನ್ನು ಸರಿಪಡಿಸಲು ಹೊತ್ತು ಮೀರಿತ್ತು.

ಪ್ರಬಂಧ ಮಂಡಿಸಲಿರುವವರಲ್ಲಿ ಒಂದು ಕೋರಿಕೆ. ಎರಡನೇ ಮತದಾನ ಬೇಕೋ ಬೇಡವೋ ಎಂಬ ಹಗ್ಗಜಗ್ಗಾಟಕ್ಕೆ ಸಮಯ ಕೊಡಬೇಡಿ. ಪ್ರಶ್ನೆಯನ್ನು ಬರೆಯುವ ಅಧಿಕಾರ ಯಾರಿಗಿರಬೇಕು, ಆಯ್ಕೆಗಳು ಮೂರಾದಾಗ ಎಣಿಕೆ ಹೇಗೆ, ಸ್ಕಾಟ್ಲೆಂಡಿನಂಥ ಪ್ರಾಂತ್ಯದ ಭಿನ್ನಮತಕ್ಕೆ ಎಷ್ಟು ತೂಕ? ಈ ಮೂರಕ್ಕೆ ಕಾಯ್ದೆಯ ಭಾಷೆಯಲ್ಲಿ ಕರಡು ಉತ್ತರಗಳನ್ನು ಬರೆದು ಸಮಾರೋಪಕ್ಕೆ ತನ್ನಿ.